ಕೋಲಾರ ಜಿಲ್ಲೆಯಲ್ಲಿ ಮುಂದಿನ ಕೈಗಾರಿಕಾ ಪ್ರದೇಶ ಎಲ್ಲಿ ಬರಬೇಕು?

ಪ್ರಶ್ನೆ (ಕೋಲಾರ): ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಈಗಾಗಲೇ ಕಾರ್ಖಾನೆಗಳಿರುವಾಗ ಅಲ್ಲಿಯೇ ವಿಸ್ತರಿಸಬೇಕೇ, ಬೇರೆ ಕಡೆಗೆ ಒಯ್ಯಬೇಕೇ? ದಯವಿಟ್ಟು ತಿಳಿಸಿ.

ಕೆಜಿಎಫ್ ನಿವಾಸಿ: 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮವರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಿದ್ದಾರೆ. ಗಣಿಯ ಖಾಲಿ ಜಮೀನು, ರೈಲು ಮಾರ್ಗ, ಕೆಲಸ ಬಲ್ಲ ಕೈಗಳು ಇಲ್ಲಿರುವಾಗ ಬೇಸಾಯದ ಭೂಮಿಯನ್ನು ಏಕೆ ಕೇಳಬೇಕು? ಆದರೆ ಸಯನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಗಣಿ ತ್ಯಾಜ್ಯದ ರಾಶಿಗಳ) ದೂಳಿನ ಪರೀಕ್ಷೆ ಮೊದಲು ಆಗಲೇಬೇಕು.

ವೇಮಗಲ್ ಕಡೆಯ ರೈತ ಮಹಿಳೆ: ಒಪ್ಪುತ್ತೇನೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಕೊಳವೆಬಾವಿಯನ್ನೇ ನಂಬಿ ಹಿಪ್ಪುನೇರಳೆ, ಟೊಮೆಟೊ ಬೆಳೆಯುವ ನಮಗೆ ಪರಿಹಾರದ ಹಣ ಒಮ್ಮೆ ಮಾತ್ರ ಬರುತ್ತದೆ. ಡೇರಿಯ ಹಾಲಿನ ಹಣ ತಪ್ಪದೆ ಬರುತ್ತಿರುತ್ತದೆ.

ಮುಳಬಾಗಿಲಿನಿಂದ: ಜಾಗ ಎಲ್ಲಿಯಾದರೂ ಆಗಲಿ, ರಾತ್ರಿ ಪಾಳಿ ಮುಗಿಸುವ ಹೆಣ್ಣುಮಕ್ಕಳಿಗೆ ಬಸ್ಸಿನ ವ್ಯವಸ್ಥೆಯಿದೆಯೇ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಿದ ನಂತರವೇ ನಿರ್ಧರಿಸಲಿ.