‘ಪೋಷಕ ನಟಿ’: ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಈ ಮಾತು ಒಪ್ಪುತ್ತದೆಯೇ?

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನ ನಟಿ ಪೆಗ್ಗಿ ಆಶ್‌ಕ್ರಾಫ್ಟ್ (1907–1991) ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಪೋಷಕ ನಟಿ’ ಅನ್ನುವ ಕಡೆ ಕೈ ನಿಂತಿದೆ.

1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿ ಅವರದು ಮಿಸೆಸ್ ಮೂರ್ ಪಾತ್ರ. ಗುಹೆಗಳ ಭಾಗವನ್ನು ನಮ್ಮ ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲೇ ತೆಗೆದದ್ದು. ಈ ಪಾತ್ರಕ್ಕೆ ಅವರಿಗೆ 77ನೇ ವಯಸ್ಸಿನಲ್ಲಿ ಆಸ್ಕರ್ ಬಂತು. ನಮ್ಮ ಪತ್ರಿಕೆಗಳ ಮಾತಲ್ಲಿ ಹೇಳುವುದಾದರೆ ‘ಅತ್ಯುತ್ತಮ ಪೋಷಕ ನಟಿ’. ಆದರೆ ಇದೇ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಕೊಟ್ಟದ್ದು ‘ಅತ್ಯುತ್ತಮ ನಟಿ’ ಪ್ರಶಸ್ತಿ. ಪಾತ್ರ ಒಂದೇ, ಅಳತೆ ಎರಡು!

ಆ ಪಾತ್ರ ನೋಡಿ. ಬೆಳದಿಂಗಳ ರಾತ್ರಿ ಮಸೀದಿಯೊಳಗೆ ಈಕೆ ಒಬ್ಬಳೇ ನಿಂತಿದ್ದಾಳೆ. ಚಪ್ಪಲಿ ಬಿಟ್ಟು ಬರಬೇಕಿತ್ತು ಎಂದು ಭಾರತೀಯ ವೈದ್ಯ ಡಾ. ಅಜೀಜ್ ಸಿಟ್ಟಾಗುತ್ತಾನೆ. ಬಿಟ್ಟೇ ಬಂದಿದ್ದೇನೆ ಎಂದು ಈಕೆ ಮೆಲ್ಲಗೆ ಹೇಳುತ್ತಾಳೆ. ಅವರ ಸ್ನೇಹ ಶುರುವಾಗುವುದೇ ಅಲ್ಲಿಂದ. ಮುಂದೆ ಇಂಗ್ಲೆಂಡಿಗೆ ಹೊರಟವಳು ಹಡಗಿನಲ್ಲೇ ತೀರಿಕೊಳ್ಳುತ್ತಾಳೆ. ಆದರೂ ಕೋರ್ಟಿನಲ್ಲಿ ಅಜೀಜ್‌ನ ವಿಚಾರಣೆಯ ದಿನ ಜನ ಕೂಗುವುದು ಅವಳ ಹೆಸರನ್ನೇ. ಇಂಥವಳನ್ನು ಪಕ್ಕದ ಪಾತ್ರ ಅನ್ನೋಕೆ ಆಗುತ್ತಾ?

‘ಪೋಷಕ’ ಪದದಲ್ಲಿ ಮಾತ್ರ ಯಾವ ತಪ್ಪೂ ಇಲ್ಲ. ಶಾಲೆಯಲ್ಲಿ ಪೋಷಕರ ಸಭೆ ಅನ್ನುತ್ತೇವೆ, ಕಲಾಪೋಷಕ ಅನ್ನುತ್ತೇವೆ. ಎಲ್ಲ ಕಡೆಯೂ ಪೋಷಕ ಅಂದರೆ ಸಾಕುವವರು, ಬೆಳೆಸುವವರು. ಆ ಅರ್ಥದಲ್ಲಿ ಮಿಸೆಸ್ ಮೂರ್ ಕಥೆಯನ್ನೇ ಪೋಷಿಸುತ್ತಾಳೆ. ಸಿನಿಮಾ ಪುಟಕ್ಕೆ ಬಂದಾಗ ಮಾತ್ರ ಅದೇ ಪದ ಕುಗ್ಗಿಬಿಡುತ್ತದೆ. ನಾಯಕಿಯ ಅಮ್ಮ, ಅತ್ತೆ, ಗೆಳತಿ, ಅಷ್ಟೇ.

ನನಗೆ ಇದು ಜಾಸ್ತಿ ಕಾಡುವುದಕ್ಕೆ ಕಾರಣ ಅವರ ರಂಗಭೂಮಿಯ ಬದುಕು. 1930ರಲ್ಲಿ ಅಮೆರಿಕದ ನಟ ಪಾಲ್ ರೋಬ್ಸನ್ ಅವರ ಒಥೆಲೊಗೆ ಡೆಸ್ಡಿಮೋನಾ. 1935ರಲ್ಲಿ ಜೂಲಿಯಟ್. ಆಗ ಹೆಸರಾಂತ ನಟರಾದ ಗೀಲ್‌ಗುಡ್ ಮತ್ತು ಒಲಿವಿಯೆ ಸರದಿಯಂತೆ ರೋಮಿಯೊ ಆಗುತ್ತಿದ್ದರು, ಜೂಲಿಯಟ್ ಇವರೊಬ್ಬರೇ. 1963ರಲ್ಲಿ, ಐವತ್ತು ದಾಟಿದ ಮೇಲೆ, ಶೇಕ್ಸ್‌ಪಿಯರ್ ನಾಟಕಗಳ ರಾಣಿ ಮಾರ್ಗರೆಟ್‌ಳನ್ನು ಹುಡುಗಿಯಿಂದ ಮುದುಕಿಯವರೆಗೆ ಆಡಿ ತೋರಿಸಿದರು.

‘ಪೋಷಕ ನಟಿ’ ಬದಲು ‘ಸಹನಟಿ’ ಅಂದರೆ ಜೊತೆಯಲ್ಲಿ ನಟಿಸಿದವಳು ಅಂತಾಗುತ್ತದೆ. ‘ಉಪನಟಿ’ ಇನ್ನೂ ಚಿಕ್ಕದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ‘ಎರಡನೇ ವೇಷ’ ಅನ್ನುತ್ತಾರಲ್ಲ, ಅಲ್ಲಿ ಎರಡನೇದು ಅಂದರೆ ಕಮ್ಮಿ ಅಂತಲ್ಲ, ಮೇಳದ ದೊಡ್ಡ ಕಲಾವಿದರ ಜಾಗ ಅದು. ಆ ಗೌರವ ಇರುವ ಮಾತು ಸಿನಿಮಾಕ್ಕೂ ಬೇಕು. ಹಳೆಯ ಕಂಪನಿ ನಾಟಕದವರು ಇಂಥ ಪಾತ್ರಕ್ಕೆ ಏನನ್ನುತ್ತಿದ್ದರು? ಬಲ್ಲವರು ಬಳಕೆಯ ಉದಾಹರಣೆ ಸಮೇತ ತಿಳಿಸಿ.

ಇನ್ನೊಂದು ಸಣ್ಣ ವಿಷಯ. 1956ರಲ್ಲಿ ಅವರಿಗೆ ‘ಡೇಮ್’ ಬಿರುದು ಬಂತು. ‘ಸರ್ ಎಂ. ವಿಶ್ವೇಶ್ವರಯ್ಯ’ ನಮಗೆ ಒಗ್ಗಿದ ಹಾಗೆ ‘ಡೇಮ್ ಪೆಗ್ಗಿ’ ಕೂಡ ಒಗ್ಗುತ್ತದೆ ಅಂದುಕೊಂಡು ಹಾಗೇ ಇಟ್ಟಿದ್ದೇನೆ. ಬೇಡ ಅನ್ನಿಸಿದರೆ ಹೇಳಿ.