ಸೈಕಲ್ ಹ್ಯಾಂಡಲ್ ಎಷ್ಟು ಎತ್ತರ, ಎಷ್ಟು ದೂರ? ಗೋಣಿಕೊಪ್ಪದ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಹ್ಯಾಂಡಲ್ ವಿಷಯ ಇಲ್ಲಿ ಕೇಳಿ. ಯಾವ ಸೈಕಲ್, ನೋವು ಎಲ್ಲಿ ಅಂತ ಬರೆಯಿರಿ. ಪಕ್ಕದಿಂದ ತೆಗೆದ ಫೋಟೋ ಇದ್ದರೆ ಒಳ್ಳೆಯದು.

ಸೋಮವಾರಪೇಟೆಯಿಂದ: ಸರ್, ನನ್ನದು ಹೈಬ್ರಿಡ್ ಸೈಕಲ್, ಟಾರು ರಸ್ತೆಗೂ ಮಣ್ಣು ದಾರಿಗೂ ಆಗುವಂಥದ್ದು. ಅರ್ಧ ಗಂಟೆ ಓಡಿಸಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಹ್ಯಾಂಡಲ್ ಎತ್ತಬೇಕಾ?

ಮೆಕ್ಯಾನಿಕ್: ಮೊದಲು ಸೀಟು ನೋಡಿ. ಅದರ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ರಸಮಟ್ಟ ಇಟ್ಟು ಸೀಟು ಸಮ ಮಾಡಿ. ಆಮೇಲೆ ಹ್ಯಾಂಡಲ್ 1 ಸೆಂ.ಮೀ. ಎತ್ತಿ ಒಂದು ವಾರ ಓಡಿಸಿ. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಅಂಚಿನಲ್ಲೇ ಹಾದುಹೋಗುತ್ತದೆ, ಅದು ಒತ್ತುತ್ತಿರಬೇಕು. ಮಣಿಕಟ್ಟು ಮಡಚದೆ ನೇರ ಇರುವಂತೆ ಬ್ರೇಕ್ ಲಿವರ್ ತಿರುಗಿಸಿಕೊಳ್ಳಿ. ಇಳಿದ ಮೇಲೂ ಜೋಮು ಹೋಗದಿದ್ದರೆ ಅಥವಾ ಕೈ ಹಿಡಿತ ಕಮ್ಮಿಯಾದರೆ ಡಾಕ್ಟರ್ ಹತ್ತಿರ ಹೋಗಿ.

ಕುಶಾಲನಗರದಿಂದ: ಇದು ಬಂದಿದೆ, ಎಲ್ಲರೂ ನೋಡಿ. "ಮೊಣಕೈಯನ್ನು ಸೀಟಿನ ತುದಿಗೆ ಇಟ್ಟರೆ ಬೆರಳು ಹ್ಯಾಂಡಲ್ ಮುಟ್ಟಬೇಕು. ಮುಟ್ಟದಿದ್ದರೆ ಸೀಟನ್ನು ಮುಂದಕ್ಕೆ ತಳ್ಳಿ."

ಮೆಕ್ಯಾನಿಕ್: ಮೊಣಕೈ ಅಳತೆ ಬರೀ ಅಂದಾಜು. ಎರಡನೇ ಮಾತು ಮಂಡಿಗೆ ಕೆಟ್ಟದ್ದು. ಸೀಟನ್ನು ಹಿಂದೆ ಮುಂದೆ ಮಾಡುವುದು ಕಾಲಿಗೂ ಪೆಡಲ್‌ಗೂ ಹೊಂದಿಸಲು, ಕೈಗಲ್ಲ. ಹ್ಯಾಂಡಲ್ ದೂರ ಅನ್ನಿಸಿದರೆ ಸ್ಟೆಮ್, ಅಂದರೆ ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ಕತ್ತು, ಬದಲಿಸಿ. 100 ಮಿ.ಮೀ. ಇದ್ದರೆ 80 ಹಾಕಿ. ತೀರಾ ಗಿಡ್ಡ ಬೇಡ, ಹ್ಯಾಂಡಲ್ ಸ್ವಲ್ಪ ಅಲ್ಲಾಡಿಸಿದರೂ ಸೈಕಲ್ ಪಕ್ಕಕ್ಕೆ ಹೋಗುತ್ತದೆ. ಇಂಥ ಮೆಸೇಜ್ ಮುಂದೆ ಕಳಿಸುವ ಮೊದಲು ಒಂದು ಮಾತು ಕೇಳಿ.

ಸುಂಟಿಕೊಪ್ಪದಿಂದ: ಮಗಳಿಗೆ 11 ವರ್ಷ. ಬೆಳೆಯುವ ಮಕ್ಕಳಿಗೆ ಹ್ಯಾಂಡಲ್ ಎಷ್ಟು ಎತ್ತರ ಇಡಬೇಕು?

ಮೂರ್ನಾಡಿನಿಂದ: ಅಣ್ಣ, ನನ್ನದು ಹಳೇ ಗೇರ್ ಸೈಕಲ್. ಸೊಂಟ ನೋವು ಅಂತ ನಾನೇ ಸ್ಟೆಮ್ ಎಳೆದು ಎತ್ತರ ಮಾಡಿದೆ. ಈಗ ಸೊಂಟಕ್ಕೆ ಆರಾಮ. ಆದರೆ ಬ್ರೇಕ್ ಹಿಡಿದಾಗ ಮುಂದೆ ಟಕ್ ಅನ್ನುತ್ತದೆ. ಸ್ಟೆಮ್ ಮೇಲೆ ಗೀಚಿದ ಹಾಗೆ ಗೆರೆಗಳು ಕಾಣುತ್ತಿವೆ. ಭಾನುವಾರ ಮಡಿಕೇರಿಯಿಂದ ಸಂಪಾಜೆಗೆ ಇಳಿಯುತ್ತಿದ್ದೇವೆ, ಅಷ್ಟರೊಳಗೆ ಹೇಳಿ.

ಮೆಕ್ಯಾನಿಕ್: ಆ ಸೈಕಲ್ ಸದ್ಯ ಹತ್ತಬೇಡಿ. ಮನೆ ಗೇಟಿನವರೆಗೂ ಬೇಡ. ಆ ಗೆರೆ ಸುಮ್ನೆ ಹಾಕಿದ್ದಲ್ಲ, ಸ್ಟೆಮ್ ಕಡಿಮೆ ಅಂದರೆ ಅಷ್ಟು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವೆ) ಪೈಪಿನ ಒಳಗೆ ಇರಲೇಬೇಕು ಅನ್ನುವ ಗುರುತು. ಗೆರೆ ಹೊರಗೆ ಕಂಡರೆ ಮಿತಿ ದಾಟಿದೆ ಅಂತಲೇ ಅರ್ಥ. ಹಳೇ ಸೈಕಲ್‌ಗಳಲ್ಲಿ ಸ್ಟೆಮ್ ತುದಿಯ ಬೆಣೆ ಪೈಪಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಪೈಪಿನ ಮೇಲ್ಭಾಗದಲ್ಲಿ ತಿರುಪಿನ ಮರೆ (ಥ್ರೆಡ್) ಕೊರೆದಿರುವುದರಿಂದ ಅಲ್ಲಿ ಲೋಹ ತೆಳು. ಬೆಣೆ ಆ ಜಾಗಕ್ಕೆ ಬಂದರೆ ಪೈಪ್ ಉಬ್ಬಬಹುದು, ಸೀಳಬಹುದು. ಇಳಿಜಾರಿನ ತಿರುವಿನಲ್ಲಿ ಎರಡೂ ಬ್ರೇಕ್ ಹಿಡಿದು ಮೈಭಾರ ಮುಂದೆ ಹಾಕಿದಾಗ ಅದು ತುಂಡಾದರೆ ಹ್ಯಾಂಡಲ್ ಕೈಯಲ್ಲೇ ಉಳಿಯುತ್ತದೆ, ಸೈಕಲ್ ಅಲ್ಲ. ಹೀಗೆ ಮಾಡಿ. ಮೇಲಿನ ಬೋಲ್ಟ್ ಎರಡು ಮೂರು ಸುತ್ತು ಸಡಿಲಿಸಿ, ಮರದ ತುಂಡು ಇಟ್ಟು ತಟ್ಟಿ, ಬೆಣೆ ಬಿಡುತ್ತದೆ. ಸ್ಟೆಮ್ ಪೂರ್ತಿ ಹೊರಗೆ ತೆಗೆದು ಒರೆಸಿ ಬಿರುಕು ಹುಡುಕಿ. ಪೈಪಿನ ಒಳಗೂ ಟಾರ್ಚ್ ಹಾಕಿ ನೋಡಿ. ಸ್ವಲ್ಪ ಸಂಶಯ ಇದ್ದರೂ ಬದಲಿಸಿ. ಎತ್ತರ ಬೇಕೇ ಬೇಕು ಅಂದರೆ ಉದ್ದ ಕತ್ತಿನ ಸ್ಟೆಮ್ ಸಿಗುತ್ತದೆ, ಇಲ್ಲವೇ ಮೇಲಕ್ಕೆ ಬಾಗಿದ ಹ್ಯಾಂಡಲ್ ಹಾಕಿ. ಆಗ ಬ್ರೇಕ್ ಕೇಬಲ್ ಉದ್ದ ಸಾಲುತ್ತದಾ ನೋಡಿ. ಸಾಲದಿದ್ದರೆ ಹ್ಯಾಂಡಲ್ ತಿರುಗಿಸಿದಾಗ ಬ್ರೇಕ್ ತಾನೇ ಹಿಡಿಯುತ್ತದೆ. ಎಲ್ಲ ಬಿಗಿ ಮಾಡಿದ ಮೇಲೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ, ಜಾರಬಾರದು. ಟಕ್ ಅನ್ನುವುದು ಹೆಡ್‌ಸೆಟ್ (ಫೋರ್ಕ್ ತಿರುಗುವ ಕಡೆಯ ಬೇರಿಂಗ್) ಸಡಿಲದಿಂದಲೂ ಇರಬಹುದು, ಆದರೆ ಅದು ಆಮೇಲಿನ ಮಾತು.

ವಿರಾಜಪೇಟೆಯಿಂದ: ಎಲ್ಲರೂ ಹ್ಯಾಂಡಲ್ ಎತ್ತುವುದೇ ಎತ್ತುವುದು. ತಲಕಾವೇರಿ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅಲೆದಾಡುತ್ತೆ ಗೊತ್ತಾ? ಬಾಗಿ ಓಡಿಸಲು ಕಲಿಯಿರಿ.

ಸಿದ್ದಾಪುರದಿಂದ: ನಾನು ಹಾಲಿನ ಕ್ಯಾನ್ ಕಟ್ಟಿಕೊಂಡು ತೋಟದ ದಾರಿಯಲ್ಲಿ ಹೋಗುವವನು. ನಿಮ್ಮ ರೇಸ್ ನನಗೆ ಯಾಕೆ ಬೇಕು?

ವಿರಾಜಪೇಟೆಯಿಂದ: ನಿಮಗೆ ಹೇಳಿದ್ದಲ್ಲ.

ಸಿದ್ದಾಪುರದಿಂದ: ಎಲ್ಲರೂ ಅಂತ ಬರೆದವರು ನೀವೇ.

ಮೆಕ್ಯಾನಿಕ್: ಕಡಿದಾದ ಏರಿನಲ್ಲಿ ಚಕ್ರ ಹಗುರಾಗುವುದು ನಿಜ, ಸೀಟಿನ ಮುಂದಕ್ಕೆ ಸರಿದು ಎದೆ ಬಗ್ಗಿಸಿದರೆ ಆಯಿತು. ಅದಕ್ಕಾಗಿ ಇಡೀ ದಿನ ಬೆನ್ನು ನೋಯಿಸಿಕೊಳ್ಳಬೇಕಿಲ್ಲ. ಜಗಳ ಬೇರೆ ಕಡೆ ಆಡಿ.

ನಾಪೋಕ್ಲಿನಿಂದ: ಎಂಟಿಬಿಯಲ್ಲಿ (ಮೌಂಟನ್ ಬೈಕ್) ಮೇಲಿನ ಬೋಲ್ಟ್ ಬಿಚ್ಚಿದೆ, ಹ್ಯಾಂಡಲ್ ಮೇಲೆ ಬರಲೇ ಇಲ್ಲ.

ಮೆಕ್ಯಾನಿಕ್: ಬರುವುದಿಲ್ಲ. ಹೊಸ ಮಾದರಿಯಲ್ಲಿ ಆ ಬೋಲ್ಟ್ ಬೇರಿಂಗ್ ಹೊಂದಿಸಲು ಮಾತ್ರ. ಸ್ಟೆಮ್ ಮೇಲೆ ಸ್ಪೇಸರ್ ಉಂಗುರ ಇದ್ದರೆ ಕೆಳಗೆ ಹಾಕಿ, ಇಲ್ಲವೇ ಸ್ಟೆಮ್ ತಲೆಕೆಳಗು ಮಾಡಿ. ಮತ್ತೆ ಕೂರಿಸುವಾಗ ಮೊದಲು ಮೇಲಿನ ಬೋಲ್ಟನ್ನು ಅಲ್ಲಾಟ ಹೋಗುವಷ್ಟೇ ಬಿಗಿ ಮಾಡಿ, ಚಕ್ರ ನೇರ ಮಾಡಿ, ಕೊನೆಗೆ ಸ್ಟೆಮ್ ಪಕ್ಕದ ಎರಡು ಬೋಲ್ಟನ್ನು ಸರದಿಯಲ್ಲಿ. ಎಷ್ಟು ಬಿಗಿ ಅಂತ ಸ್ಟೆಮ್ ಮೇಲೇ ಬರೆದಿರುತ್ತದೆ.

ಪೊನ್ನಂಪೇಟೆಯಿಂದ: ಕಿರುಬೆರಳು ಜೋಮು ಹಿಡಿಯುತ್ತೆ. ಏನು ಮಾಡಲಿ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಕುಶಾಲನಗರದಿಂದ: ಇನ್ನೊಂದು ಬಂತು. "ಸ್ಟೆಮ್ ಗಿಡ್ಡ ಆದರೆ ಪೈಪ್ ತುಂಡು ವೆಲ್ಡ್ ಮಾಡಿಸಿ, ಖರ್ಚು ಉಳಿಸಿ."

ಮೆಕ್ಯಾನಿಕ್: ಅಳಿಸಿ ಅದನ್ನು. ಈಗಲೇ. ಅಲ್ಯೂಮಿನಿಯಂ ಸ್ಟೆಮ್‌ಗೆ ಗ್ಯಾರೇಜ್ ವೆಲ್ಡಿಂಗ್ ಹಾಕಿಸಿದರೆ ಬೆಸುಗೆಯ ಪಕ್ಕದಲ್ಲೇ ಮುರಿಯುತ್ತದೆ. ಮೂರ್ನಾಡಿನವರಿಗೆ ಇಷ್ಟು ಹೇಳಿದ್ದನ್ನು ನೀವು ಓದಲೇ ಇಲ್ಲ ಅಲ್ವಾ?

ಕುಶಾಲನಗರದಿಂದ: ಬಂದದ್ದು ಹಾಕಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಮೂರ್ನಾಡಿನಿಂದ: ಅಣ್ಣ, ತೆಗೆದು ನೋಡಿದೆ. ಬೆಣೆ ಕೂತಿದ್ದ ಕಡೆ ಪೈಪಿನ ಮೇಲೆ ಕೂದಲಿನಷ್ಟು ಸಣ್ಣ ಗೀರು ಇದೆ. ಫೋಟೋ ಹಾಕಿದ್ದೇನೆ. ಸ್ಟೆಮ್ ಕೆಳಗಿಳಿಸಿ ಓಡಿಸಬಹುದಾ?

ಮೆಕ್ಯಾನಿಕ್: ಬೇಡ. ಅದು ಬಿರುಕು. ಫೋರ್ಕ್ ಹೊಸದು ಬೇಕು. ಹಳೇ ಫೋರ್ಕ್ ಜೊತೆಗೇ ತನ್ನಿ, ಪೈಪಿನ ಉದ್ದ ಮತ್ತು ಮರೆ ಅಳೆದು ಹೊಂದುವುದನ್ನು ತರಿಸಬೇಕು. ಭಾನುವಾರಕ್ಕೆ ಯಾರ ಹತ್ತಿರವಾದರೂ ಬೇರೆ ಸೈಕಲ್ ಕೇಳಿ.