ಈ ವಾರದ ಸಮಸ್ಯೆ: ‘ಮೆಣಸಿನ ಕಾಳಿಂಗೆ ಕಡಲೆ ಮಣಿದುದು ನೋಡಾ’

ಪೃಚ್ಛಕ (ಸಮಸ್ಯೆ ಕೊಡುವವ): ಛಂದಸ್ಸು ನಾಲ್ಕು ಸಾಲಿನ ಕಂದ, ಕೊಟ್ಟಿರುವುದು ನಾಲ್ಕನೆಯ ಪಾದ; ಮೊದಲ ಮೂರನ್ನು ಕಟ್ಟಿ ಪದ್ಯ ಮುಗಿಸಬೇಕು. ವಸ್ತು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಆಳಿದ ಸಾಳುವ ವಂಶದ ಈ ಜೈನ ರಾಣಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ ಎಂದು ಕರೆದರು. ಕಡಲೆಯನ್ನು ಕಾಳಾಗಿ ಓದಿ ಯಾರೂ ಅಡುಗೆಮನೆಗೆ ಒಯ್ಯಬೇಡಿ, ಇಲ್ಲಿರುವುದು ಕಡಲು.

ಕಂದಪ್ರಿಯ:
ಗಣಿಸದೆ ಪರಂಗಿ ಪಡೆಯಂ
ಪಣಮಂ ತೆತ್ತೊಯ್ವುದೆಂದಳರಸಿಯೆ ನಗುತಂ
ಮಣಿ ಗೇರುಸೊಪ್ಪೆಗಿವಳಾ
ಮೆಣಸಿನ ಕಾಳಿಂಗೆ ಕಡಲೆ ಮಣಿದುದು ನೋಡಾ

ಪೃಚ್ಛಕ: ಗೇರುಸೊಪ್ಪೆ ಎಂಬ ಹೆಸರು ಕಂದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ‘ಮಣಿ ಗೇ’ ಎಂದು ಒಡೆದು ‘ರುಸೊಪ್ಪೆ’ ಎಂಬ ಜಗಣವನ್ನು (ಲಘು-ಗುರು-ಲಘು) ಎರಡನೆಯ ಗಣಕ್ಕೆ ಸರಿಸಿದ್ದೀರಿ, ಭೇಷ್. ಆದರೆ ‘ನಗುತಂ’ ಪಾದದ ಕೊನೆಗೆ ಗುರು ಬೇಕೆಂದು ಬಂದ ನಗುವೇ?

ಘಟ್ಟದ ಮೇಲಿನವ: ನಗುವ ಕಾಲವಾಗಿರಲಿಲ್ಲ ರಾಯರೇ. 1565ರಲ್ಲಿ ರಕ್ಕಸತಂಗಡಿಯಲ್ಲಿ ವಿಜಯನಗರ ಸೋತ ಮೇಲೆ ಆಕೆಗೆ ಬೆನ್ನು ಕಾಯುವ ಸಾರ್ವಭೌಮನೇ ದುರ್ಬಲನಾದ. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ಸುಟ್ಟು ಕೋಟೆಯನ್ನು ಹಿಡಿದರು. ಮಣಿದ ಕಡಲು ಊರನ್ನು ಸುಡುತ್ತದೆಯೇ?

ಕಂದಪ್ರಿಯ: ಸುಟ್ಟವರೇ ಮತ್ತೆ ಮೆಣಸಿಗಾಗಿ ಅದೇ ನದೀಮುಖದಲ್ಲಿ ಕಾದು ನಿಂತರಲ್ಲ! ಬಳ್ಳಿ ಇದ್ದದ್ದು ಘಟ್ಟದ ಮಡಿಲಲ್ಲಿ, ಅದು ಇಳಿದು ಬರಬೇಕಾದದ್ದು ಶರಾವತಿಯಲ್ಲಿ. ಬಂದರನ್ನು ಕಳೆದುಕೊಂಡರೂ ಸರಕು ರಾಣಿಯ ಕೈಯಲ್ಲಿತ್ತು. ಹಡಗಿಗೆ ಪರವಾನಗಿ ಕೊಡುವ ದೊಡ್ಡಸ್ತಿಕೆ ಗೋವೆಯವರದು, ಹಡಗು ತುಂಬಿಸುವ ಅಧಿಕಾರ ಈಕೆಯದು. ನನ್ನ ‘ಮಣಿದುದು’ ಇಷ್ಟೇ. ನಗುವನ್ನು ಬೇಕಾದರೆ ತಿದ್ದೋಣ.

ಘಟ್ಟದ ಮೇಲಿನವ: ಹಾಗಾದರೆ ನನ್ನದನ್ನೂ ಕೇಳಿ.
ರಣದೊಳ್ ಕೆಳದಿಯ ನಾಯಕ
ಗಣಮೇ ಬಂದಿಕ್ಕೆ ಸೆರೆಯೊಳರಸಿಯನಾಗಳ್
ಮಣಿಯದೆ ಬೆಟ್ಟಂ ನಿಂದುದು
ಮೆಣಸಿನ ಕಾಳಿಂಗೆ ಕಡಲೆ ಮಣಿದುದು ನೋಡಾ

ಪೃಚ್ಛಕ: ‘ಕಡಲೆ’ಯಲ್ಲಿ ಒತ್ತು ಕೊಡುವ ಅವಧಾರಣೆಯ ಏಕಾರಕ್ಕೆ ಈಗ ತೂಕ ಬಂತು: ಮಣಿದದ್ದು ಕಡಲು ಮಾತ್ರ, ಬೆಟ್ಟವಲ್ಲ. ಐವತ್ತು ವರ್ಷಕ್ಕೂ ಮೀರಿ ಪರಂಗಿಯವರ ನಡುವೆ ಬಾಳಿದ ರಾಜ್ಯವನ್ನು 1606ರಲ್ಲಿ ಮುಗಿಸಿದವರು ಕೆಳದಿಯ ವೆಂಕಟಪ್ಪ ನಾಯಕ ಮತ್ತು ಬಿಳಗಿಯ ಅರಸರು. ರಾಣಿ ಸೆರೆಯಲ್ಲೇ ತೀರಿಕೊಂಡಳು.

ಕರಾವಳಿಯವಳು: ಇಬ್ಬರೂ ಒಂದು ಅನ್ಯಾಯವನ್ನು ಬಿಟ್ಟಿರಿ. 1623ರಲ್ಲಿ ಈ ದಾರಿಯಲ್ಲಿ ಬಂದ ಇಟಲಿಯ ಪಯಣಿಗ ಪಿಯೆತ್ರೊ ದೆಲ್ಲಾ ವಾಲ್ಲೆ ಹಾಳು ಬಿದ್ದ ಗೇರುಸೊಪ್ಪೆಯನ್ನು ನೋಡಿ, ಪರಸ್ಥಳದ ಗಂಡಸೊಬ್ಬನ ಮೋಹದಿಂದ ರಾಣಿ ರಾಜ್ಯ ಕಳೆದುಕೊಂಡಳೆಂಬ ಕಥೆಯನ್ನು ಬರೆದಿಟ್ಟ. ಅರಸ ಸೋತರೆ ರಾಜಕಾರಣ, ಅರಸಿ ಸೋತರೆ ಪ್ರಣಯ! ಗೆದ್ದ ಕೆಳದಿಯ ಸೀಮೆಯಲ್ಲಿ ಓಡಾಡುತ್ತಿದ್ದವನ ಕಿವಿಗೆ ಬಿದ್ದ ಕಥೆ ಅದು, ಅಷ್ಟನ್ನಾದರೂ ನೆನಪಿಡಬೇಕು.
ಎಣಿಸದೆ ಪಯಣಿಗನೊರೆದಂ
ಪ್ರಣಯದಿನಳಿದತ್ತು ನಾಡಿದೆನ್ನುತೆ ಕಥೆಯಂ
ಕಣಜಂ ಪೇಳ್ಗುಂ ದಿಟಮಂ
ಮೆಣಸಿನ ಕಾಳಿಂಗೆ ಕಡಲೆ ಮಣಿದುದು ನೋಡಾ

ಕಂದಪ್ರಿಯ: ‘ಕಣಜಂ ಪೇಳ್ಗುಂ ದಿಟಮಂ’! ನನ್ನ ನಗುವನ್ನು ಹಿಂದಕ್ಕೆ ತೆಗೆದುಕೊಂಡೆ.

ಘಟ್ಟದ ಮೇಲಿನವ: ಕೆಳದಿಯವರ ಮೇಲೆ ಇಷ್ಟು ಸಿಟ್ಟು ಬೇಡ ತಾಯಿ, ಅವರಿಗೂ ಬೇಕಾಗಿದ್ದದ್ದು ಅದೇ ಕಣಜ.

ಪೃಚ್ಛಕ: ಈ ವಾರದ ಮೊದಲ ಸ್ಥಾನ ಕರಾವಳಿಗೆ. ಘಟ್ಟದವರು ಮೇಲ್ಮನವಿ ಸಲ್ಲಿಸುವುದಾದರೆ ಕಂದದಲ್ಲೇ ಸಲ್ಲಿಸಬೇಕು.